ಕೆಂಚಿಯ ಕಿವಿ

ಎಂಬತ್ಮೂರರಲ್ಲಿ ನಮ್ಮ ಹಸು ಕೆಂಚಿ ಸತ್ತಾಗ ಕುಣಿಗಲ್ಲಿನ ದನದ ಡಾಕ್ಟರು ಬಂದು ನೋಡಿ, ಹಾವು ಕಚ್ಚಿದೆ ಎಂದು ಸರ್ಟಿಫಿಕೇಟು ಬರೆದುಕೊಟ್ಟರು. ಕಿವಿಗೆ ಹಾಕಿದ್ದ ಇನ್ಶೂರೆನ್ಸ್ ಬಿಲ್ಲೆಯ ನಂಬರನ್ನೂ ಅದರಲ್ಲಿ ಬರೆದರು.

"ಕದರಯ್ಯ, ಬಿಲ್ಲೆ ಸಮೇತ ಆ ಕಿವಿ ಕುಯ್ದು ಆಫೀಸಿಗೆ ಕೊಡ್ಬೇಕು. ಮರೀಬೇಡ" ಎಂದು ಹೇಳಿ ಹೋದರು.

ನಾನು ಕುಡುಗೋಲು ತಂದೆ. ನನ್ನ ಹೆಂಡತಿ ಗಿರಿಯಮ್ಮ ಅದನ್ನು ಕಿತ್ತುಕೊಂಡಳು. "ಐದು ವರ್ಸ ಹಾಲು ಕೊಟ್ಟೋಳು ಕಣಯ್ಯ. ಹೆಂಗ್ ಬತ್ತದೆ ಕೈ ನಿಂಗೆ?"

ನಮ್ಮಲ್ಲಿ ಮನೆಯ ಹಸುವನ್ನು ಇಡಿಯಾಗಿ ಹೂಳುವುದು ರೂಢಿ. ಅರಿಶಿನ ಕುಂಕುಮ ಇಟ್ಟು, ರವಿಕೆ ಕಣ ಹೊದಿಸಿ, ಕೊಟ್ಟಿಗೆಯ ಹಿಂದೆ ಮಣ್ಣು ಮಾಡಿದೆವು. ಬಿಲ್ಲೆ ಕಿವಿಯಲ್ಲೇ ಹೋಯಿತು.

ಮಾರನೇ ದಿನ ತುಮಕೂರಿಗೆ ಹೋದೆ. ಇನ್ಶೂರೆನ್ಸ್ ಆಫೀಸಿನ ಪಟ್ಟಾಭಿರಾಮರು ಕಾಗದವೆಲ್ಲ ನೋಡಿ, "ಕಿವಿ ಎಲ್ಲಯ್ಯಾ?" ಎಂದರು.

"ಹೂತ್ಬುಟ್ವಿ ಸ್ವಾಮಿ."

"ಒಳ್ಳೆ ಆಸಾಮಿ! ಬದುಕಿರೋ ಹಸೂದು ಬಿಲ್ಲೆ ಕಿತ್ಕೊಂಡ್ ಬಂದು ಸತ್ತೋಯ್ತು ಅಂತ ಅಳೋರಿದಾರೆ. ಅದಕ್ಕೇ ಕಿವೀನೂ ಕೇಳೋದು."

"ಡಾಕ್ಟ್ರೇ ಕಣ್ಣಾರೆ ನೋಡವ್ರಲ್ಲ ಸ್ವಾಮಿ."

"ನಾನ್ ನಂಬ್ತೀನಪ್ಪ, ಮೇಲಿನೋರು ನಂಬಲ್ಲ. ನಿನ್ನೆ ತಾನೆ ಹೂತಿರೋದು? ತೆಗೆದು ಕುಯ್ಕೊಂಡ್ ಬಾ. ನಾನೇ ನಿಂತು ಪಾಸ್ ಮಾಡಿಸ್ತೀನಿ."

ಆ ಹಣ ಬಂದರೆ ಮಾತ್ರ ನಮಗೆ ಇನ್ನೊಂದು ಹಸು. ವಾಪಸು ಬರುವ ಬಸ್ಸಿನಲ್ಲಿ ಕೂತೇ ಮನಸ್ಸಿನಲ್ಲಿ ಗುಬ್ಬಿ ಸಂತೆಗೆ ಹೋಗಿ, ಹಗ್ಗ ಹಿಡಿದು, ಒಂದು ಕಡಸನ್ನು ಊರತನಕ ನಡೆಸಿಕೊಂಡು ಬಂದಿದ್ದೆ. ಮನೆಗೆ ಬಂದವನೇ ಗುದ್ದಲಿ ಹಿಡಿದೆ.

ಎರಡು ಮಂಕರಿ ಮಣ್ಣು ತೆಗೆದಿರಬಹುದು. ಗಿರಿಯಮ್ಮ ಬಂದಳು. ಕೂಗಾಡಲಿಲ್ಲ, ಆ ಮಣ್ಣಿನ ಮೇಲೇ ಕೂತಳು.

"ಹಸ ನಂಗೂ ಬೇಕು ಕಣಯ್ಯ. ಬೆಳಗಾದ್ರೆ ಕೈಗೆ ಕೆಲ್ಸಿಲ್ದೆ ಒದ್ದಾಡ್ತೀನಿ. ಆದ್ರೆ ಇವ್ಳ ಕಿವಿ ಕುಯ್ದು ತಂದ ಹಸೀನ ಕೆಚ್ಚಲು ಮುಟ್ಟಕ್ಕೆ ನನ್ ಕೈಲಾಗಲ್ಲ."

ನಾನು ಮಣ್ಣು ಎಳೆದು ಮುಚ್ಚಿದೆ.

ಮೂರು ತಿಂಗಳಿಗೆ ಆಫೀಸಿನಿಂದ ಕಾಗದ ಬಂತು. ನಮ್ಮಿಬ್ಬರಿಗೂ ಓದಲು ಬಾರದು. ಇಸ್ಕೂಲಿನ ಷಡಕ್ಷರಿ ಮೇಷ್ಟರು ಜಗಲಿಯ ಮೇಲೆ ಕೂತು ಓದಿದರು: "ಕೆಂಪು ಬಣ್ಣ, ಹಣೆಯಲ್ಲಿ ಬಿಳಿ ಚುಕ್ಕೆ, ಬಲಗೊಂಬು ಸ್ವಲ್ಪ ಒಳಬಾಗಿರುವ ಹಸುವಿನ ಕಿವಿಯನ್ನು ಹಾಜರುಪಡಿಸದ ಕಾರಣ ತಮ್ಮ ಕ್ಲೇಮನ್ನು ತಿರಸ್ಕರಿಸಲಾಗಿದೆ."

ಮೇಷ್ಟರಿಗೆ ನಮ್ಮ ಮುಖ ನೋಡಲಾಗಲಿಲ್ಲ. "ಮೇಲಕ್ಕೊಂದು ಅರ್ಜಿ ಬರೆಯೋಣ ಬುಡಿ, ಇದು ಅನ್ಯಾಯ" ಎಂದರು.

ಗಿರಿಯಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. "ಅರ್ಜಿ ಆಮೇಲ್ ಬರೀವ್ರಂತೆ ಮೇಷ್ಟ್ರೇ. ಆ ಹಣೆ, ಕೊಂಬು ಅಂದ್ರಲ್ಲ, ಅದಷ್ಟು ಇನ್ನೊಂದ್ಸಲ ಓದಿ" ಎಂದಳು.