ತೃಪ್ತಿಯ ದನಿಯ ನಡುಕ

ಶಿರಗುಪ್ಪಿಯಲ್ಲಿದ್ದ ಕುಸುಮಳ ಮನೆಗೆ ಉಸ್ಮಾನ ಬಂದಾಗ ಅವಳು ಮೊಬೈಲಿನಲ್ಲಿ ಮಗಳ ಗುಣಗಾನ ಕೇಳುತ್ತ ಕೂತಿದ್ದಳು. ಮಗಳು ತೃಪ್ತಿ ಈಗ ಮುಂಬಯಿಯಲ್ಲಿ ಹೆಸರಾಂತ ಪಾಪ್ ಗಾಯಕಿ. ಮೊದಮೊದಲು ಅವಳು ಉಸ್ಮಾನನ ಆರ್ಕೆಸ್ಟ್ರಾ ಜೊತೆ ನಿಪ್ಪಾಣಿ, ಅಥಣಿ, ರಾಯಬಾಗದ ಮದುವೆಗಳಲ್ಲಿ ಹಾಡುತ್ತಿದ್ದಳು. ಆ ಹಳೆಯ ವಿಡಿಯೋಗಳನ್ನು ಯಾರೋ ಹುಡುಕಿ ತೆಗೆದಿದ್ದರು. ಅಂದು ಚಪ್ಪಾಳೆ ತಟ್ಟಲೂ ಜಿಪುಣತನ ಮಾಡಿದ್ದ ಲೋಕ ಇಂದು ಅವನ್ನೇ ತಲೆಯ ಮೇಲೆ ಹೊತ್ತು ಕುಣಿಯುತ್ತಿತ್ತು.

“ಆ ದನಿಯಲ್ಲೊಂದು ನಡುಕವಿದೆ, ವಿರಹವೇ ಹಾಡಿದಂತೆ. ಈಗಿನ ಹಾಡುಗಳಲ್ಲಿ ಅದೆಲ್ಲಿದೆ?” ಎಂದು ಗಡ್ಡದ ವಿಮರ್ಶಕನೊಬ್ಬ ಮೊಬೈಲಿನೊಳಗೆ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ.

“ಕೇಳಿದ್ರೇನ್ರಿ ಉಸ್ಮಾನಭಾಯಿ?” ಕುಸುಮ ಹಿಗ್ಗಿ ಹೀರೇಕಾಯಿಯಾದಳು.

ಉಸ್ಮಾನ ತಲೆ ತಗ್ಗಿಸಿದ. “ಮುಂಜಾನಿ ಕೇಳಿದ್ನಿ. ತಡಕೊಳ್ಳಾಕ ಆಗಲಿಲ್ಲ, ಅದಕ್ಕ ಬಂದೆ. ಅದು ವಿರಹ ಅಲ್ರಿ ಅಕ್ಕಾರ, ಹಸಿವು.”

“ದಿನಾ ಡಬ್ಬಿ ಕಟ್ಟಿ ಕಳಸ್ತಿದ್ನಲ್ರಿ?”

“ಟೆಂಪೋದಾಗ ಉಂಡ್ರ ಆಕಿಗೆ ವಾಂತಿ ಆಗ್ತಿತ್ತು. ಇಳದು ಮೈಕ್ ಕಟ್ಟೂದ್ರಾಗ ಹೊತ್ತು ಮುಳಗ್ತಿತ್ತು. ಡಬ್ಬಿ ನಾವ ಖಾಲಿ ಮಾಡ್ತಿದ್ವಿ. ತುಂಬಿದ ಡಬ್ಬಿ ಮನಿಗೆ ಹೋದ್ರ ಅವ್ವ ಮತ್ತ ಹಾಡಾಕ ಕಳಸೂದಿಲ್ಲ ಅಂತಿದ್ಲು. ನಿಮಗ ಹೇಳಬಾರದು ಅಂತ ಆಣಿ ಹಾಕಿಸ್ಕೊಂಡಿದ್ಲು.”

ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬ ಜೈನರ ಮನೆಯ ನೇಮ ತಪ್ಪದಿದ್ದರೆ ಮಾತ್ರ ಹಾಡಲು ಹೋಗು ಎಂದು ಶರತ್ತು ಹಾಕಿದವಳು ಕುಸುಮಳೇ. ಬರಿದಾಗಿ ಬಂದ ಡಬ್ಬಿ ತೊಳೆಯುತ್ತ, ಮಗಳು ಹೊತ್ತಿಗೆ ಸರಿಯಾಗಿ ಉಂಡಳಲ್ಲ ಎಂದು ಎಷ್ಟು ಸಲ ಸಮಾಧಾನಪಟ್ಟಿದ್ದಳೋ! ಬೆಳೆಯುವ ಹುಡುಗಿ ಬರಿಹೊಟ್ಟೆಯಲ್ಲಿ ನಿಂತು, ಉಂಡು ತೇಗುವವರ ಮುಂದೆ ಹಾಡಿದ್ದಳು.

ಕಣ್ಣೊರೆಸಿಕೊಳ್ಳದೆ ಮಗಳಿಗೆ ಫೋನು ಹಚ್ಚಿದಳು. ಮುಂಬಯಿಯಲ್ಲಿ ಅಂದು ಸಂಜೆ ತೃಪ್ತಿಯ ದೊಡ್ಡ ಕಾರ್ಯಕ್ರಮವಿತ್ತು.

“ಉಸ್ಮಾನಭಾಯಿ ಎಲ್ಲಾ ಹೇಳಿದ್ರು ತಂಗಿ. ಇನ್ನ ಮ್ಯಾಲ ನೇಮ ಗೀಮ ಏನೂ ಬ್ಯಾಡ. ಹಸಿವಾದಾಗ ಉಣ್ಣು.”

“ನೇಮ ಬಿಟ್ಟು ಭಾಳ ವರ್ಷ ಆತು ಅವ್ವಾ,” ತೃಪ್ತಿ ನಕ್ಕಳು. ದನಿ ಸೊರಗಿತ್ತು.

“ಮತ್ತ, ಈಗ ಉಂಡಿ ಇಲ್ಲೋ?”



“ನಿನ್ನೆಯಿಂದ ಉಂಡಿಲ್ಲ ಅವ್ವಾ. ಜನಕ್ಕ ಆ ಹಳೇ ನಡುಕನ ಬೇಕಂತ. ಹೊಟ್ಟಿ ತುಂಬಿದ್ರ ಅದು ಬರೂದಿಲ್ಲ.”