ಕೈಗೆಟುಕದ ಕತ್ತರಿ

ಬೆನ್ನುನೋವು ಕರೆಯದೆ ಬರುವ ನೆಂಟ. ಬಂದದ್ದು ಗೊತ್ತಾಗುವುದಿಲ್ಲ, ಹೋಗೆಂದರೆ ಹೋಗುವುದಿಲ್ಲ. ಹೊಲಿಗೆ ಅಂಗಡಿಯ ಅಕ್ಕನ ಸೊಂಟದಲ್ಲೂ ಅದು ಹಾಗೇ ಬಂದು ಬೀಡುಬಿಟ್ಟಿತ್ತು. ಬೆಳಿಗ್ಗೆ ಕುರ್ಚಿಯಲ್ಲಿ ಕೂತವಳಿಗೆ ಸಂಜೆ "ಅಮ್ಮಾ" ಎನ್ನದೆ ಏಳಲಾಗುತ್ತಿರಲಿಲ್ಲ.

ಆ ಅಂಗಡಿಯನ್ನು ನೀವು ನೋಡಬೇಕಿತ್ತು. ಮನೆಯ ಮುಂದಿನ ಕೋಣೆ, ನಡುವೆ ಮೋಟಾರು ಕೂಡಿಸಿದ ಹೊಲಿಗೆ ಯಂತ್ರ. ಎಡಗೈ ಚಾಚಿದರೆ ದಾರದ ಡಬ್ಬಿ, ಬಲಗೈ ಚಾಚಿದರೆ ಕತ್ತರಿ. ಹಿಂದೆ ತಿರುಗಿದರೆ ಇಸ್ತ್ರಿ ಮೇಜು, ಕಾಲ ಬಳಿಯೇ ನೀರು. "ಕೂತಲ್ಲೇ ರಾಜ್ಯ ಆಳ್ತೀನಿ" ಎಂದು ಬಂದವರಿಗೆಲ್ಲ ಹೇಳಿ ಬೀಗುತ್ತಿದ್ದಳು.

ಹೀಗಿರುವಾಗ ಸಿಪಾಯಿ ತಮ್ಮ ರಜೆಗೆ ಬಂದ. ಬಂದವನೇ ಸಮವಸ್ತ್ರದ ಪ್ಯಾಂಟು ಅವಳ ಮಡಿಲಿಗೆ ಹಾಕಿದ.

"ಸೊಂಟ ಸ್ವಲ್ಪ ಬಿಚ್ಚಿ ಕೊಡಕ್ಕಾ."

"ಇದೇನೋ, ಶತ್ರುಗಳು ಕರೆದು ಊಟ ಹಾಕ್ತಿದಾರಾ?"

ತಮ್ಮ ನಗಲಿಲ್ಲ. "ವೈರ್‌ಲೆಸ್ ಕೋಣೆಗೆ ಹಾಕಿದಾರೆ. ಕಿವಿಗೆ ಹೆಡ್‌ಫೋನು, ಬೆನ್ನಿಗೆ ಕುರ್ಚಿ. ಪಾಳಿ ನೆಪ ಹೇಳಿ ಬೆಳಗಿನ ಕವಾಯತೂ ತಪ್ಪಿಸ್ಕೋತಿದ್ದೆ. ರಜೆ ಮುಗಿದ ಕೂಡ್ಲೇ ಓಟದ ಪರೀಕ್ಷೆ. ಪಾಸಾದ್ರೆ ಬೆಟ್ಟ ಹತ್ತೋ ತಂಡ. ಇಲ್ಲಾಂದ್ರೆ ಅದೇ ಕುರ್ಚಿ."

ಅಕ್ಕ ಹೊಲಿಗೆ ನಿಲ್ಲಿಸಿದಳು. ಮೋಡಕ್ಕಿಂತ ಮೇಲೆ ನಿಂತು ಭೂಮಿ ನೋಡಬೇಕು ಎಂದು ಹೇಳುತ್ತಲೇ ಬೆಳೆದ ಹುಡುಗ ಅವನು.

ಮರುದಿನ ತಮ್ಮ ಕುದುರೆಯ ಹಾಗೆ ಓಡಿ ಹೋದ, ಕುಂಟುತ್ತಾ ತಿರುಗಿ ಬಂದ. ಮಂಡಿ ಊದಿತ್ತು. ಅಷ್ಟರಲ್ಲಿ ಜಿಪ್ಪು ಕಿತ್ತ ಚೀಲ ಹಿಡಿದು ಪಕ್ಕದ ಬೀದಿಯ ನರ್ಸಮ್ಮ ಒಳಗೆ ಬಂದರು. ಮಂಡಿ ಮುಟ್ಟಿ ನೋಡಿದರು.

"ಮೂಳೆಗೇನೂ ಆಗಿಲ್ಲ. ಮಂಡಿ ಮುನಿಸ್ಕೊಂಡಿದೆ. ಎರಡು ದಿನ ಬಿಡು."

"ನಾನು ಸಿಪಾಯಿ ನರ್ಸಮ್ಮ! ಮೈಗೆ ಓಟ ಮರೆತು ಹೋಗತ್ತಾ?"

"ಬಾಯಿಗೆ ನೆನಪಿರತ್ತಪ್ಪ. ಕಾಲಿಗೆ ದಿನಾ ನೆನಪು ಮಾಡ್ಬೇಕು. ತಿಂಗಳುಗಟ್ಟಲೆ ಕೂತು ಒಂದೇ ದಿನಕ್ಕೆ ತೀರಿಸ್ತೀನಿ ಅಂದ್ರೆ ಮೈ ಒಪ್ಪಲ್ಲ."

ಅಕ್ಕ ಕಿಸಕ್ಕನೆ ನಕ್ಕಳು. ನರ್ಸಮ್ಮ ಅವಳ ಕಡೆ ತಿರುಗಿದರು.

"ನಿನ್ನ ಸೊಂಟ ಹೇಗಿದೆಯಮ್ಮ?"

"ಬೆಳಗಿಂದ ಸಂಜೆವರೆಗೂ ದುಡಿಯೋಳು ನಾನು, ನೋವು ಇರದೇ ಇರತ್ತಾ? ಈಗ ನನಗೂ ವ್ಯಾಯಾಮ ಅಂತ ಶುರು ಮಾಡ್ಬೇಡಿ. ಅದು ಹೊತ್ತು ಹೋಗದವರ ಕೆಲಸ."

"ದುಡಿಯೋದು ಕೈ. ಕಾಲು ಏನ್ ಮಾಡ್ತಿದೆ?"

ಅಕ್ಕ ಬಗ್ಗಿ ನೋಡಿಕೊಂಡಳು. ಮೋಟಾರು ಬಂದ ಮೇಲೆ ಕಾಲಿಗೆ ತುಳಿಯುವ ಕೆಲಸವೂ ಇರಲಿಲ್ಲ. "ಕಾಲಾ... ಕಾಯ್ತಾ ಇದೆ."

ತಮ್ಮ ನೋವು ಮರೆತು ಗಹಗಹಿಸಿದ. ಅಕ್ಕನ ತಲೆಯೊಳಗೆ ಮಾತ್ರ ಒಂದು ಪ್ರಶ್ನೆ ಹುಳುವಿನಂತೆ ಹೊಕ್ಕಿತು.

"ಹಾಗಾದ್ರೆ ನನ್ನ ನೋವು ದುಡಿದು ಬಂದಿದ್ದಲ್ವಾ?"

"ಅಲ್ಲಾಡದೆ ದುಡಿದು ಬಂದಿದ್ದು. ಕೂತೇ ಇದ್ರೆ ಬೆನ್ನು, ತೊಡೆಯ ಶಕ್ತಿ ಇಳಿಯತ್ತೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಬಾಗಿಲು ತೆರೆದ ಹಾಗೆ. ನಿದ್ದೆ ಕೆಡತ್ತೆ, ಸಿಡುಕು ಹತ್ತತ್ತೆ. ಅಂಗಡಿ ಬಿಟ್ಟು ಓಡು ಅಂತಿಲ್ಲಮ್ಮ. ಆಗಾಗ ಏಳೋ ಹಾಗೆ ಮಾಡ್ಕೋ."

ನೋಡಿಯೇ ಬಿಡೋಣ ಎಂದು ಅಕ್ಕ ಅವತ್ತೇ ಎದ್ದಳು. ಕತ್ತರಿ ಎದುರು ಗೋಡೆಯ ಮೊಳೆಗೆ ಹೋಯಿತು, ಇಸ್ತ್ರಿ ಮೇಜು ಒಳಕೋಣೆಗೆ, ನೀರು ಅಡುಗೆಮನೆಗೆ. ಮೊದಮೊದಲು ಗೊಣಗಿದ್ದೇ ಗೊಣಗಿದ್ದು. ಕುರ್ಚಿಯಿಂದ ಕೈ ಚಾಚುವುದು, ಗಾಳಿ ಹಿಡಿಯುವುದು, "ಅಯ್ಯೋ ಕತ್ತರಿ ಅಲ್ಲಿದೆ" ಎಂದು ಏಳುವುದು.

"ಅಂಗಡಿನೇ ಕವಾಯತು ಮೈದಾನ ಮಾಡಿದ್ಯಲ್ಲೇ!" ಎಂದ ತಮ್ಮ.

"ಬಾಯ್ಮುಚ್ಕೊಂಡು ನಡಿ, ನಿನ್ನ ಮೈದಾನಕ್ಕೂ ಹೋಗೋಣ."

ಮಂಡಿಯ ಊತ ಇಳಿದ ಮೇಲೆ ಬೆಳಿಗ್ಗೆ ಇಬ್ಬರೂ ಹೊರಟರು. ಮೊದಲು ಬರೀ ನಡಿಗೆ. ಎಷ್ಟು ಜೋರಾಗಿ ನಡೆಯಬೇಕು ಎಂದು ಅಕ್ಕ ಕೇಳಿದ್ದಕ್ಕೆ ನರ್ಸಮ್ಮ ಹೇಳಿದ್ದರು: "ಮಾತಾಡಕ್ಕಾಗ್ಬೇಕು, ಹಾಡಕ್ಕಾಗ್ಬಾರ್ದು." ಅಕ್ಕ ಪರೀಕ್ಷಿಸದೆ ಬಿಡುವವಳೇ? ನಡುಬೀದಿಯಲ್ಲಿ ರಾಗ ಎಳೆದಳು. ಒಂದು ಸಾಲು ಮುಗಿಯುವುದರೊಳಗೆ ಉಸಿರು ಕೈಕೊಟ್ಟಿತು. "ನಿಜ ಕಣೋ!" ಎಂದು ನಿಧಿ ಸಿಕ್ಕವಳ ಹಾಗೆ ಕುಣಿದಳು.

ಬರಬರುತ್ತಾ ತಮ್ಮ ಒಂದು ದೀಪದ ಕಂಬದಿಂದ ಇನ್ನೊಂದಕ್ಕೆ ಓಡಿದ, ಮುಂದಿನದಕ್ಕೆ ನಡೆದ. ಆಮೇಲೆ ಓಟ ಉದ್ದವಾಯಿತು. ಮನೆಯ ಮೆಟ್ಟಿಲೇ ತೊಡೆಗೆ ಬಲ ಕೊಡುವ ಸಾಧನವಾಯಿತು. ಸಂಜೆ ಅಕ್ಕ "ಅಮ್ಮಾ" ಎನ್ನುವುದು ಕಡಿಮೆಯಾಯಿತು. ನೋವು ಪೂರ್ತಿ ಹೋಗಲಿಲ್ಲ, ಆದರೆ ಗಂಟು ಮೂಟೆ ಕಟ್ಟತೊಡಗಿತ್ತು.

ರಜೆ ಮುಗಿಯಿತು. ತಮ್ಮ ಹೋದ. ಪರೀಕ್ಷೆಯ ದಿನ ಅಕ್ಕ ಒಂದು ಕಾಲರನ್ನು ತಲೆಕೆಳಗಾಗಿ ಹೊಲಿದು ಬಿಚ್ಚುತ್ತಿದ್ದಳು. ಆಗ ಫೋನು ಬಂತು.

"ಮೊದಲು ಬಂದ್ಯಾ?"

"ಹಿಂದಿನಿಂದ ಎಣಿಸಿದ್ರೆ ಬೇಗ ಸಿಗ್ತೀನಿ."

ಅಕ್ಕ ಕಾಲರು ಬಿಟ್ಟು ಎದ್ದಳು. "ಅಂದ್ರೆ?"

"ಪಾಸು ಕಣಕ್ಕಾ! ಶುರುವಲ್ಲೇ ಹಾರಿದವರು ಅರ್ಧ ದಾರೀಲಿ ಸುಸ್ತಾದ್ರು. ನಾನು ನನ್ನ ಪಾಡಿಗೆ ಓಡ್ತಾ ಹೋದೆ, ಮುಗಿಸಿಬಿಟ್ಟೆ. ಬೆಟ್ಟದ ತಂಡಕ್ಕೆ ನನ್ನ ಹೆಸರು ಬಂತು. ಅಲ್ಲಿವರೆಗೂ ವೈರ್‌ಲೆಸ್ ಕೋಣೇಲಿ ನಿಂತೇ ಮಾತಾಡೋದು. ಜೊತೆಯವರೂ ಶುರು ಮಾಡಿದಾರೆ."

ಅಕ್ಕನ ಕಣ್ಣು ತುಂಬಿತು. ಆಗಲೇ ಅಂಗಡಿ ಬಿಟ್ಟು ಬೀದಿಗಿಳಿದಿದ್ದಳು. ಮಾತಾಡುತ್ತಾ ಬೀದಿಯ ಏರು ಹತ್ತಿದ್ದೇ ಅವಳಿಗೆ ಗೊತ್ತಾಗಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಎಷ್ಟು ಹೊತ್ತಿನಿಂದ ಕೂತಿದ್ದೀರಿ? ನೀವು ಕಚೇರಿಯವರಿರಲಿ, ಚಾಲಕರಿರಲಿ, ಸಮವಸ್ತ್ರ ತೊಟ್ಟವರಿರಲಿ, ಕೆಲಸದ ನಡುವೆ ಆಗಾಗ ಎದ್ದು ಓಡಾಡಿ. ವಾರದ ಹೆಚ್ಚಿನ ದಿನ ಅರ್ಧ ಗಂಟೆ ಚುರುಕಾಗಿ ನಡೆಯಿರಿ. ವಾರಕ್ಕೆರಡು ಸಲ ತೋಳು, ತೊಡೆಗಳಿಗೆ ಬಲ ಬರುವ ವ್ಯಾಯಾಮ ಮಾಡಿ. ನಿಧಾನವಾಗಿ ಶುರು ಮಾಡಿ. ಎದೆನೋವು ಅಥವಾ ಹಳೆಯ ಕಾಯಿಲೆ ಇದ್ದರೆ ಮೊದಲು ವೈದ್ಯರನ್ನು ಕೇಳಿ.

ಸದ್ಯಕ್ಕೆ ಒಂದೇ ಕೆಲಸ. ಈ ಹಾಳೆಯನ್ನು ಬೀದಿಯ ಕೊನೆಯ ಮನೆಯವರಿಗೆ ಕೊಟ್ಟು ಬನ್ನಿ. ಯಾರ ಕೈಲೂ ಕಳಿಸಬೇಡಿ, ನೀವೇ ನಡೆದು ಹೋಗಿ.