ಸಣ್ಣ ಸಣ್ಣ ಈರುಳ್ಳಿ

ಕಿಟಕಿ ಸರಳಿನ ನೆರಳು ಮೊಬೈಲಿನ ಮೇಲೆ ಬಿದ್ದು ಎರಡು ಹೆಸರುಗಳ ನಡುವೆ ಗೆರೆ ಎಳೆದ ಹಾಗೆ ಕೂತಿದೆ, ಬಸ್ಸು ಕುಲುಕಿದರೆ ನೆರಳೂ ಕುಲುಕುತ್ತದೆ, ಒಮ್ಮೆ ಮೇಲಿನದನ್ನು ಮುಚ್ಚುತ್ತದೆ, ಒಮ್ಮೆ ಕೆಳಗಿನದನ್ನು — ಮೇಲೆ ಧಾರವಾಡದ ಎಂಎಸ್‌ಡಬ್ಲ್ಯೂ, ಕೆಳಗೆ ಮಂಗಳೂರಿನ ಕೌನ್ಸೆಲಿಂಗ್, ಐದು ಗಂಟೆಯೊಳಗೆ ಒಂದನ್ನು ಒತ್ತಬೇಕು, ಒತ್ತದಿದ್ದರೆ ಎರಡು ಸೀಟೂ ಹೋಯಿತು, ಈಗ ನಾಲ್ಕೂ ಹತ್ತು, ಮುರ್ಡೇಶ್ವರದ ಕಮಾನು ಹಿಂದೆ ಹೋಯಿತು, ಪಕ್ಕದ ಅಜ್ಜಿ ಖಾಲಿ ಮೀನುಬುಟ್ಟಿಯನ್ನು ಮಡಿಲಿಗೆ ಹಾಕಿಕೊಂಡು, ತಂಗೀ ಚೂರು ಸರ್ಕಾ, ಅನ್ನುತ್ತಾಳೆ, ಎಲ್ಲಿಗೆ ಸರಿಯುವುದು, ಈ ಕಡೆ ತಗಡು, ಆ ಕಡೆ ಬುಟ್ಟಿ, ವಿನುತಾ ಸರಿದ ಹಾಗೆ ಮಾಡಿದಳು, ಅಜ್ಜಿಗೆ ಅಷ್ಟೇ ಸಾಕಿತ್ತು. ಮೂರು ವರ್ಷದಿಂದ ಇದೇ ಬಸ್ಸು, ಬೆಳಿಗ್ಗೆ ಕುಮಟೆಯಿಂದ ಭಟ್ಕಳ, ಸಂಜೆ ವಾಪಸ್ಸು, ನಡುವೆ ಮಹಿಳಾ ಸಹಾಯ ಕೇಂದ್ರದಲ್ಲಿ ರಿಜಿಸ್ಟರ್ ಬರೆಯುವ ಕೆಲಸ, ಓದಿ ಬಾ ವಿನುತಾ, ನಿನ್ನ ಜಾಗ ಇಟ್ಟಿರ್ತೇನೆ ಅಂದರು ದೀಪಿಕಾ ಮೇಡಂ, ಎಂಎಸ್‌ಡಬ್ಲ್ಯೂ ಆದ್ರೆ ಜೀಪು ಹತ್ತಿ ಮನೆ ಮನೆಗೆ ಹೋಗು, ಕೌನ್ಸೆಲಿಂಗ್ ಆದ್ರೆ ರೂಮಲ್ಲಿ ಕೂತು ಕೇಳು, ನಿನಗೆ ಯಾವುದು ಬರ್ತದೆ ಅಂತ ನಿನಗೇ ಗೊತ್ತಲ್ಲ. ಗೊತ್ತು. ಎರಡೂ ಬರುವುದಿಲ್ಲ, ಎರಡನ್ನೂ ಗಾಯತ್ರಕ್ಕನ ಮೇಲೆ ಮಾಡಿ ನೋಡಿ ಆಗಿದೆ.

ಗಾಯತ್ರಕ್ಕ ಎರಡು ಮನೆ ಆಚೆಯವಳು, ನಾಗರಾಜಣ್ಣನ ಹೆಂಡತಿ, ಕರ್ಕಿಯ ಮಗಳು, ಬೇಸಿಗೆಯಲ್ಲಿ ಈರುಳ್ಳಿ ಕಿತ್ತು ಒಣಗಿಸಿದ ಮೇಲೆ ಸೊಪ್ಪಿನಿಂದಲೇ ಜಡೆ ಹೆಣೆದು ಹೆದ್ದಾರಿ ಪಕ್ಕ ನೇತು ಹಾಕಬೇಕಲ್ಲ, ಆ ಹೆಣೆಯುವ ಕೆಲಸಕ್ಕೆ ವಿನುತಾಳ ಮನೆ ಅಂಗಳಕ್ಕೆ ಬರುತ್ತಿದ್ದಳು, ಅವಳಷ್ಟು ಬಿಗಿ ಜಡೆ ಯಾರಿಗೂ ಬರುವುದಿಲ್ಲ, ಬೊಂಬಾಯಿಗೆ ಹೋದರೂ ಒಂದು ಗಡ್ಡೆ ಕಳಚುವುದಿಲ್ಲ. ಕೈ ಹೆಣೆಯುತ್ತಿದ್ದರೆ ಬಾಯಿ ಬಿಡುತ್ತಿದ್ದಳು, ಕಣ್ಣು ಮಾತ್ರ ಈರುಳ್ಳಿ ಮೇಲೆ — ಮೊಬೈಲ್ ತೆಗೆದಿಟ್ಟಿದಾರೆ ಮಾರಾಯ್ತಿ, ಅಪ್ಪಂಗೆ ಹುಷಾರಿಲ್ಲ, ಎರಡು ವರ್ಷ ಆತು ಕರ್ಕಿಗೆ ಕಳಿಸದೆ, ಆ ಸಣ್ಣದು ಇತ್ಲಾಗೆ ಕೊಡು, ನೀ ದಿನಾ ಬಸ್ಸಲ್ಲಿ ಹೋಗ್ತಿ ಅಲ್ಲ, ರಸ್ತೆ ಮೇಲೇ ಮನೆ, ಅಪ್ಪ ಜಗಲಿ ಮೇಲೆ ಕೂತಿದಾನಾ ನೋಡ್ಕಂಡು ಬಂದು ಹೇಳು. ವಿನುತಾ ದಿನಾ ನೋಡಿ ಹೇಳುತ್ತಿದ್ದಳು, ಕೂತಿದಾರೆ, ಇವತ್ತು ಎಲೆಯಡಿಕೆ ಹಾಕ್ತಾ ಇದ್ರು, ಇವತ್ತು ಮಲಗಿದ್ರು, ಅಷ್ಟಕ್ಕೇ ಅವಳ ಜಡೆ ಸರಸರ ಆಗುತ್ತಿತ್ತು, ಅಷ್ಟೇ ಮಾಡಿಕೊಂಡಿದ್ದರೆ ಆಗುತ್ತಿತ್ತೋ ಏನೋ. ಬುದ್ಧಿವಂತಿಕೆ ಸುಮ್ಮನಿರಬೇಕಲ್ಲ, ಒಂದು ದಿನ ಈರುಳ್ಳಿ ಕೆಳಗಿಟ್ಟು, ಕೈ ಒರೆಸಿ, ಅವಳ ಎದುರು ತಿರುಗಿ ಕೂತು, ಮಡಿಲಲ್ಲಿ ಪುಸ್ತಕ ತೆರೆದು, ಹೇಳಿ ಗಾಯತ್ರಕ್ಕ ಅಂದದ್ದು — ಕೇಂದ್ರದ ರೂಮಿನಲ್ಲಿ ಹಾಗೇ ಕೂರುವುದು — ಅವಳ ಕೈ ನಿಂತಿತು, ಬಾಯಿಯೂ ನಿಂತಿತು, ಎಂತದೂ ಇಲ್ಲ ಅಂದಳು, ಯಾರೋ ಹೊಸಬರಿಗೆ ಹೇಳಿದ ಹಾಗೆ. ಆಮೇಲೆ ಜೀಪು. ಹೇಳದಿದ್ದರೆ ನಾವೇ ಹೋಗೋಣ ಅಂತ ದೀಪಿಕಾ ಮೇಡಂ ಜೊತೆ ಕೇಂದ್ರದ ಜೀಪು ತಂದು ಅವಳ ಮನೆ ಮುಂದೆ ನಿಲ್ಲಿಸಿದ್ದು, ಬೇಲಿ ಬೇಲಿಯಲ್ಲೂ ಒಂದೊಂದು ತಲೆ, ನಾಗರಾಜಣ್ಣ ನಗುತ್ತಾ, ಬನ್ನಿ ಬನ್ನಿ, ಚಾ ಕುಡಿದೇ ಹೋಗ್ಬೇಕು, ಗಾಯತ್ರಕ್ಕನೇ ಚಾ ತಂದಳು, ಅವಳೇ ಹೇಳಿದಳು, ನಮ್ಮನೇಲಿ ಎಂತದೂ ಇಲ್ಲ ಮೇಡಂ, ಅದನ್ನು ರಿಜಿಸ್ಟರಿನಲ್ಲಿ ಬರೆದದ್ದೂ ಇದೇ ಕೈ. ಮಾರನೇ ದಿನದಿಂದ ಅವನು ಕೆಲಸಕ್ಕೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಬೀಗ.

ಹೊನ್ನಾವರ ಬಂತಾ ತಂಗೀ, ಇಲ್ಲ ಅಜ್ಜಿ, ಹೊಳೆ ಇನ್ನೂ ದಾಟಲಿಲ್ಲ, ಸೇತುವೆ ಮೇಲೆ ಲಾರಿ ಸಾಲು, ಬಸ್ಸು ನಿಂತಿದೆ, ನಾಲ್ಕೂ ಐವತ್ತು, ಕೆಳಗೆ ಶರಾವತಿ, ಹಿಂದೆ ಮುಂದೆ ಹೋಗಲು ಜಾಗ ಇಲ್ಲ, ರೂಮಲ್ಲಿ ಕೂತು ಕೇಳುವುದಾದರೆ ಅವಳು ರೂಮಿಗೆ ಬರಬೇಕಲ್ಲ, ಬೀಗ ಹಾಕಿದವಳು ಹೇಗೆ ಬರುತ್ತಾಳೆ, ಮನೆಗೇ ಹೋಗುವುದಾದರೆ ಹೋಗಿ ನೋಡಿ ಆಯಿತಲ್ಲ, ಪೊಲೀಸಿಗೆ ಹೇಳ್ಲಾ ಅಂತ ಹಿತ್ತಿಲ ಕಿಟಕಿಯಲ್ಲಿ ಕೇಳಿದ್ದಕ್ಕೆ, ಜೀಪು ತಂದಿ, ಬೀಗ ಬಂತು, ಇನ್ನು ಎಂತ ತರ್ತಿ ಅಂದಳು, ಸಿಟ್ಟಿಲ್ಲದೆ, ಸಿಟ್ಟಿದ್ದಿದ್ದರೆ ಒಳ್ಳೆಯದಿತ್ತು. ವಿನುತಾಳ ಹೆತ್ತ ಆಯಿಗೆ ಮಾತ್ರ ಯಾವ ಓದೂ ಬೇಕಾಗಲಿಲ್ಲ, ಮೊನ್ನೆ ಬುಟ್ಟಿ ಈರುಳ್ಳಿ ಹೊತ್ತು, ವಿನುತಾಳನ್ನೂ ಕರಕೊಂಡು ಆ ಕಿಟಕಿಗೆ ಹೋದಳು, ಬಾಗಿಲಿಗೆ ಬೀಗ ಹಾಕಿದ್ರೆ ಕೈಗೆ ಹಾಕಿದಾನಾ, ತಕಾ ಹೆಣಿ, ಒಂದೊಂದೇ ಗಡ್ಡೆ ಸರಳಿನ ನಡುವೆ ಒಳಗೆ ಹೋಯಿತು, ಒಳಗೆ ಅವಳು ಹೆಣೆದಳು, ಹೆಣೆಯುತ್ತಾ ಹೊರಗೆ ಕೂತ ಆಯಿಯ ಹತ್ತಿರ ಬಾಯ್ತುಂಬ ಮಾತಾಡಿದಳು, ಮೂರು ವಾರದಲ್ಲಿ ಮೊದಲ ಸಲ — ಮುಗಿದ ಮೇಲೆ ನೋಡಿದರೆ ಒಂಟಿ ಗಡ್ಡೆ ಹಿಡಿದ ಸರಳಿನ ಸಂದಿಯಲ್ಲಿ ದಪ್ಪ ಜಡೆ ಹೊರಗೆ ಬರುವುದಿಲ್ಲ. ಬಿಚ್ಚಿ ಕೊಡು ಅಂದರೆ ಕೇಳಲಿಲ್ಲ, ನಾ ಹೆಣೆದದ್ದು ಬಿಚ್ಚೂದಿಲ್ಲ, ಎಳಿ ವಿನುತಾ. ಎಳೆದಳು. ನಾಲ್ಕೂ ಐವತ್ತಾರು. ಮೊಬೈಲು ನಡುಗಿತು, ಆಯಿಯ ಫೋನು, ಎಂತ ಆತೇ, ಯಾವುದು ಒತ್ತಿದಿ, ಗಾಯತ್ರಿ ಕೇಳ್ತಾ ಇದ್ಲು, ಎಂತ ಅಂದ್ಲು ಆಯಿ, ಯಾವುದಾದ್ರೂ ಕಲೀಲಿ, ಜೀಪು ತರೂದು ಬ್ಯಾಡ, ಪುಸ್ತಕ ತರೂದು ಬ್ಯಾಡ ಅಂದ್ಲು, ಮತ್ತೆ ಎಂತ ತರೂದು, ನಾನೂ ಅದೇ ಕೇಳ್ದೆ, ಸಣ್ಣ ಸಣ್ಣ ಈರುಳ್ಳಿ ತರೂಕೆ ಹೇಳು ಅಂದ್ಲು, ದೊಡ್ಡದು ಹಿಡಿಯೂದಿಲ್ಲ. ಮತ್ತೆ — ಕರ್ಕಿ ಬಂದಾಗ ಜಗಲಿ ನೋಡು ಅಂದ್ಲು. ಕರ್ಕಿ ಹೊಳೆಯ ಆಚೆ, ಬಸ್ಸು ಹೊಳೆಯ ಮೇಲೆ, ಬೆರಳು ಗಾಜಿನ ಮೇಲೆ, ಸರಳಿನ ನೆರಳು ಈಗ ಅಲುಗುವುದಿಲ್ಲ, ಮೇಲಿನದೂ ಕೆಳಗಿನದೂ ಎರಡೂ ಚೆನ್ನಾಗಿ ಕಾಣುತ್ತವೆ, ಐವತ್ತೆಂಟು, ಕಣ್ಣೊಳಗೆ ಆ ಹಿತ್ತಿಲ ಕಿಟಕಿ, ಸರಳಿನ ಈಚೆ ಎರಡು ಗಡ್ಡೆ, ಆಚೆ ಆರು, ನಡುವೆ ಬಿಗಿ ಜಡೆ, ಈಚೆಯಿಂದ ವಿನುತಾ ಎಳೆಯುತ್ತಾಳೆ, ಆಚೆಯಿಂದ ಗಾಯತ್ರಕ್ಕ ನೂಕುತ್ತಾಳೆ, ಜಡೆ ಬರುವುದಿಲ್ಲ, ಇಬ್ಬರೂ ಕೈ ಬಿಡುವುದಿಲ್ಲ, ಈಚೆ ಎರಡು, ಆಚೆ ಆರು, ಈಚೆ ಎರಡು —